ಸೀಸದಕಡ್ಡಿಯೂ ವಜ್ರವೂ



ಈ ಪ್ರಬಂಧಕ್ಕೆ ಕಾರಣವಾದುದು ಒಂದು ಉಂಗುರ. ಅದರ ಕಥೆಯನ್ನು ಮೊದಲೇ ಹೇಳಿಬಿಡುವುದು ಲೇಸು. ಏಕೆಂದರೆ ಅದರಲ್ಲಿ ನನ್ನದೊಂದು ತಪ್ಪು ಉಂಟು. ತನ್ನ ತಪ್ಪನ್ನು ಮುಚ್ಚಿಟ್ಟುಕೊಂಡು ಇತರರಿಗೆ ಪಾಠ ಹೇಳುವುದು ಉಪಾಧ್ಯಾಯನಾದವನಿಗೆ ಭೂಷಣವಲ್ಲ.

ಮಿಜಾರಿನ ನಮ್ಮ ಮನೆಯ ಚಾವಡಿಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ ನಡೆಯಿತು. ಗಂಡಿನ ಕಡೆಯವರು ಬೆಳ್ತಂಗಡಿಯ ಹತ್ತಿರದವರು. ದೊಡ್ಡ ಸ್ಥಿತಿವಂತರಲ್ಲ, ಮರ್ಯಾದಸ್ಥರು. ಹುಡುಗನ ತಂದೆ ಉಂಗುರದ ಡಬ್ಬಿಯನ್ನು ತೆರೆದು ನನ್ನ ಮುಂದೆ ಹಿಡಿದು, "ಮಾಸ್ಟ್ರೇ, ಇದು ಗಣಿಯ ವಜ್ರ ಅಲ್ಲ, ಯಂತ್ರದಲ್ಲಿ ಬೆಳೆಸಿದ್ದು. ಮೊದಲೇ ಹೇಳಿಬಿಡುವುದು ಒಳ್ಳೆಯದಲ್ಲವಾ?" ಎಂದರು. ಪಂಡಿತ ಪರೀಕ್ಷೆ ಮುಗಿಸಿ ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನೆಂಬ ಗತ್ತು ನನಗೆ. "ಹಾಗಾದರೆ ವಜ್ರ ಅಲ್ಲ ಎನ್ನಿ, ವಜ್ರದ ಹಾಗೆ ಕಾಣುವ ಕಲ್ಲು" ಎಂದುಬಿಟ್ಟೆ. ಅವರು ಮರುಮಾತಾಡದೆ ಡಬ್ಬಿಯನ್ನು ಮುಚ್ಚಿದರು. ಚಾವಡಿ ಒಂದು ಗಳಿಗೆ ಮೌನವಾಯಿತು. ಅಕ್ಕ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅದಾಗಿ ಕೆಲವು ದಿನಗಳ ಮೇಲೆ ಎಂಟನೆಯ ತರಗತಿಯ ಹುಡುಗನೊಬ್ಬ ಪೆನ್ಸಿಲನ್ನು ಎತ್ತಿ ಹಿಡಿದು, "ಸರ್, ಇದರ ಒಳಗಿನ ಕಪ್ಪೂ ವಜ್ರವೂ ಒಂದೇ ವಸ್ತು ಅಂತೆ. ಹೌದಾ?" ಎಂದು ಕೇಳಿದ. ವ್ಯಾಕರಣದ ಪಾಠದ ನಡುವೆ ಬಂದ ಪ್ರಶ್ನೆ. "ನಾಳೆ ಹೇಳುತ್ತೇನೆ" ಎಂದು ತಪ್ಪಿಸಿಕೊಂಡೆ. ಆ ನಾಳೆಗಾಗಿ ಓದತೊಡಗಿದಾಗ, ಚಾವಡಿಯಲ್ಲಿ ನಾನಾಡಿದ ಮಾತು ಎಷ್ಟು ಪೊಳ್ಳೆಂಬುದು ತಿಳಿಯಿತು. ಓದಿ ತಿಳಿದುದನ್ನು ತಮ್ಮೆದುರು ಇಡುತ್ತಿದ್ದೇನೆ.

ಮೊದಲು ಹೆಸರುಗಳನ್ನು ನೋಡೋಣ. ಪಂಡಿತನಿಗೆ ಅದೇ ಸುಲಭದ ಬಾಗಿಲು. ನಾವು ಪೆನ್ಸಿಲಿಗೆ ಸೀಸದಕಡ್ಡಿ ಎನ್ನುತ್ತೇವೆ. ಅದರಲ್ಲಿ ಸೀಸ ಎಳ್ಳಷ್ಟೂ ಇಲ್ಲ. ಈ ತಪ್ಪು ನಾವು ಮಾಡಿದ್ದಲ್ಲ, ಐರೋಪ್ಯರಿಂದ ಬಂದದ್ದು. ಇಂಗ್ಲೆಂಡಿನ ಬಾರೋಡೇಲ್ ಎಂಬ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಕಪ್ಪಾದ, ಜಾರುವ, ಕಾಗದದ ಮೇಲೆ ಗೆರೆ ಬಿಡುವ ಕಲ್ಲು ಸಿಕ್ಕಿದಾಗ ಅವರು ಅದನ್ನು ಒಂದು ಬಗೆಯ ಸೀಸವೆಂದೇ ನಂಬಿದರು. 1779ರಲ್ಲಿ ಸ್ವೀಡನ್ ದೇಶದ ಷೀಲೆ ಎಂಬ ರಸಾಯನಜ್ಞ ಅದು ಸೀಸವಲ್ಲ, ಇದ್ದಲಿನ ಜಾತಿಯದೆಂದು ತೋರಿಸಿದ. ಹತ್ತು ವರ್ಷಗಳ ಬಳಿಕ ಜರ್ಮನಿಯ ವರ್ನರ್ ಅದಕ್ಕೆ ಗ್ರಾಫೈಟ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯ 'ಬರೆ' ಎಂಬ ಧಾತುವಿನಿಂದ ಬಂದ ಹೆಸರದು. ನಮ್ಮ ಅಕ್ಕಸಾಲಿಗಳು ಚಿನ್ನ ಕರಗಿಸುವ ಕರಿಯ ಮೂಸೆಗಳಲ್ಲಿಯೂ ಇದೇ ಗ್ರಾಫೈಟು ಜೇಡಿಮಣ್ಣಿನೊಡನೆ ಬೆರೆತಿರುತ್ತದೆ. ವಜ್ರದ ಬೆಂಡೋಲೆಗೆ ಬೇಕಾದ ಚಿನ್ನ, ವಜ್ರದ ಒಡಹುಟ್ಟಿನ ಮಡಿಲಲ್ಲೇ ಕರಗುತ್ತದೆ ಎಂದಂತಾಯಿತು.

ಆ ಇಬ್ಬರ ತಾಯಿ ಇಂಗಾಲ. ಸಂಸ್ಕೃತದ 'ಅಂಗಾರ' ಪ್ರಾಕೃತದಲ್ಲಿ 'ಇಂಗಾಲ'ವಾಗಿ, ಅಲ್ಲಿಂದ ನಮ್ಮ ಶಾಲೆಯ ವಿಜ್ಞಾನ ಪುಸ್ತಕಕ್ಕೆ ಬಂದಿದೆ. ಅರ್ಥ ಕೆಂಡ, ಇದ್ದಲು. ಉರಿದು ಕಪ್ಪಾಗುವ ಈ ವಸ್ತುವಿಗೂ ಶುಭ್ರವಾದ ವಜ್ರಕ್ಕೂ ನಂಟು ಉಂಟೆಂಬುದನ್ನು ಹಿಂದಿನವರು ಊಹಿಸುವಂತೆಯೇ ಇರಲಿಲ್ಲ.

ವಜ್ರವನ್ನು ಲೋಕಕ್ಕೆ ಕೊಟ್ಟವರು ನಾವು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲ್ ದೇಶದಲ್ಲಿ ಗಣಿಗಳು ಕಾಣುವವರೆಗೂ ಲೋಕದ ಮಾರುಕಟ್ಟೆಗೆ ಬರುತ್ತಿದ್ದ ವಜ್ರಗಳಲ್ಲಿ ಬಹುಪಾಲು ಭಾರತದವೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೊಕ್ಕಸಕ್ಕೆ ಸೇರಬೇಕಾದ ರತ್ನಗಳ ಪರೀಕ್ಷೆಗೆಂದೇ ಒಂದು ಪ್ರಕರಣವಿದೆ. ವಿಜಯನಗರದಲ್ಲಿ 1535ರ ಸುಮಾರಿಗೆ ಇದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅಲ್ಲಿಯ ವಜ್ರದ ಗಣಿಯನ್ನು ಗುತ್ತಿಗೆಗೆ ಕೊಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. 20 'ಮಂಗೆಲಿ'ಗಿಂತ ಹೆಚ್ಚು ತೂಗುವ ಕಲ್ಲು ಸಿಕ್ಕಿದರೆ ಅದು ಅರಸನ ಬೊಕ್ಕಸಕ್ಕೇ ಸಲ್ಲಬೇಕು. ಮಂಗೆಲಿ ಎಂದರೆ ಮಂಜಾಡಿ ಕಾಳಿನ ತೂಕ. ಬಳ್ಳಾರಿಯ ಗಡಿಗೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಎಂಬ ಊರು ಇಂದಿಗೂ ಉಂಟು. ಮೊದಲ ಮಳೆ ಬಿದ್ದು ಹೊಲದ ಮಣ್ಣು ತೊಳೆದುಹೋದಾಗ ಜನ ತಲೆ ಬಾಗಿಸಿಕೊಂಡು ಕಲ್ಲು ಹುಡುಕುತ್ತ ನಡೆಯುವ ದೃಶ್ಯ ಅಲ್ಲಿ ವರ್ಷವರ್ಷವೂ ಕಾಣಸಿಗುತ್ತದೆ. ನಮ್ಮ ಮೂಡುಬಿದಿರೆಯ ಸಿದ್ಧಾಂತ ಬಸದಿಯ ರತ್ನಬಿಂಬಗಳನ್ನು ದರ್ಶನ ಮಾಡಿದವರಿಗೆ, ಈ ಕರಾವಳಿಗೂ ರತ್ನಗಳಿಗೂ ಇದ್ದ ನಂಟನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ವಜ್ರ ಏನು ಎಂಬ ಪ್ರಶ್ನೆಗೆ ಹಿಂದಿನವರ ಉತ್ತರ ಅದರ ಗುಣದ ವರ್ಣನೆಯಲ್ಲೇ ನಿಲ್ಲುತ್ತಿತ್ತು. ಅದು ಎಲ್ಲ ಮಣಿಗಳನ್ನೂ ಲೋಹಗಳನ್ನೂ ಗೀರುತ್ತದೆ, ಅದನ್ನು ಗೀರಬಲ್ಲದ್ದು ಇನ್ನೊಂದು ವಜ್ರ ಮಾತ್ರ ಎಂದು ರತ್ನಶಾಸ್ತ್ರದವರು ಸರಿಯಾಗಿಯೇ ಹೇಳಿದರು. ಸುತ್ತಿಗೆಯಿಂದ ಬಡಿದರೂ ಒಡೆಯದು ಎಂಬ ಮಾತು ಮಾತ್ರ ಸುಳ್ಳು. ರೋಮಿನ ಪ್ಲೀನಿಯೂ ಅದನ್ನೇ ಬರೆದ. ಗೀರಿಗೆ ಸೋಲದ ಗಡಸುತನ ಬೇರೆ, ಪೆಟ್ಟಿಗೆ ಸೋಲದ ಗಟ್ಟಿತನ ಬೇರೆ. ಸರಿಯಾದ ಜಾಡಿನಲ್ಲಿ ಪೆಟ್ಟು ಬಿದ್ದರೆ ವಜ್ರ ಸೀಳುತ್ತದೆ. ಆದುದರಿಂದ, ಮನೆಯಲ್ಲಿ ವಜ್ರದ ಮೂಗುತಿ ಇದ್ದವರು ಅಸಲೋ ನಕಲೋ ಎಂದು ತಿಳಿಯಲು ಸುತ್ತಿಗೆ ಎತ್ತಬೇಡಿ.

ನಿಜವಾದ ಉತ್ತರ ಬೆಂಕಿಯಿಂದ ಬಂದಿತು. 1694ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇಬ್ಬರು ವಿದ್ವಾಂಸರು ದೊಡ್ಡ ಮಸೂರದಿಂದ ಸೂರ್ಯನ ಬಿಸಿಲನ್ನು ವಜ್ರದ ಮೇಲೆ ಕೇಂದ್ರೀಕರಿಸಿದರು. ವಜ್ರ ಮಾಯವಾಯಿತು! ಕರಗಲಿಲ್ಲ, ಬೂದಿ ಉಳಿಯಲಿಲ್ಲ. ಮುಂದೆ ಪ್ಯಾರಿಸಿನಲ್ಲಿ ಈ ಬಗೆಗೆ ವಾದ ಹುಟ್ಟಿತು. ರತ್ನದ ವ್ಯಾಪಾರಿಯೊಬ್ಬ, ಗಾಳಿ ಸೋಕದಿದ್ದರೆ ವಜ್ರ ಹಾಳಾಗದೆಂದು ಪಂಥ ಕಟ್ಟಿದವನಂತೆ, ತನ್ನ ವಜ್ರಗಳನ್ನು ಇದ್ದಲಿನ ಪುಡಿಯಲ್ಲಿ ಹುದುಗಿಸಿ, ಬಾಯಿ ಮುಚ್ಚಿ, ಕುಲುಮೆಗೆ ಇಟ್ಟ. ಅವು ಕೆಡದೆ ಹೊರಬಂದವು. ಇದ್ದಲು ತಾನು ಯಾರನ್ನು ಕಾಯುತ್ತಿದ್ದೇನೆಂದು ಅರಿಯದೆ ತನ್ನ ದಾಯಾದಿಯನ್ನೇ ಕಾಯಿತು. 1772ರಲ್ಲಿ ಲಾವ್ವಾಸಿಯೆ ಎಂಬ ಮಹಾ ರಸಾಯನಜ್ಞ, ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ವಜ್ರವನ್ನು ಸುಟ್ಟು, ಉಳಿದ ವಾಯುವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದ. ನೀರು ಹಾಲಿನಂತೆ ಬೆಳ್ಳಗಾಯಿತು. ಇದ್ದಲನ್ನು ಸುಟ್ಟಾಗಲೂ ಹಾಗೆಯೇ ಆಗುತ್ತದೆ. ಆದರೂ ಆತ, ವಜ್ರವೇ ಇದ್ದಲು ಎನ್ನುವ ಧೈರ್ಯ ಮಾಡಲಿಲ್ಲ.

ಆ ಮಾತನ್ನು ತೂಕ ಹಾಕಿ ಹೇಳಿದವನು ಇಂಗ್ಲೆಂಡಿನ ಸ್ಮಿತ್ಸನ್ ಟೆನಂಟ್. ಚಿನ್ನದ ಕೊಳವೆಯಲ್ಲಿ ಪೆಟ್ಲುಪ್ಪಿನೊಡನೆ ವಜ್ರವನ್ನು ಸುಟ್ಟು, ಬಂದ ಇಂಗಾಲಾಮ್ಲ ವಾಯುವನ್ನು ಅಳೆದ. ಅಷ್ಟೇ ತೂಕದ ಇದ್ದಲನ್ನು ಸುಟ್ಟರೂ ಅಷ್ಟೇ ವಾಯು! 1797ರಲ್ಲಿ ಈ ಸಂಗತಿ ಪ್ರಕಟವಾಯಿತು. 1814ರಲ್ಲಿ ಹಂಫ್ರಿ ಡೇವಿ, ತನ್ನ ಎಳೆಯ ಸಹಾಯಕ ಮೈಕೇಲ್ ಫ್ಯಾರಡೆಯೊಡನೆ ಫ್ಲಾರೆನ್ಸಿಗೆ ಹೋಗಿ, ಹಿಂದಿನವರು ಬಳಸಿದ್ದ ಆ ಹಳೆಯ ಮಸೂರದಿಂದಲೇ ವಜ್ರವನ್ನು ಆಮ್ಲಜನಕದಲ್ಲಿ ಉರಿಸಿ, ಅದರಲ್ಲಿ ಇಂಗಾಲವಲ್ಲದೆ ಬೇರೇನೂ ಇಲ್ಲವೆಂದು ದೃಢಪಡಿಸಿದ.

ಹಾಗಾದರೆ ಒಂದು ಏಕೆ ಬೆರಳಿಗೆ ಮೆತ್ತುವ ಕಪ್ಪು, ಇನ್ನೊಂದು ಏಕೆ ಲೋಕದ ಅತಿ ಗಡಸು ವಸ್ತುಗಳಲ್ಲೊಂದು? ಇದಕ್ಕೆ ಉತ್ತರ ದೊರೆಯಲು ಇನ್ನೂ ನೂರು ವರ್ಷ ಬೇಕಾಯಿತು. 1913ರಲ್ಲಿ ಇಂಗ್ಲೆಂಡಿನ ಬ್ರಾಗ್ ತಂದೆ ಮಗ ಇಬ್ಬರೂ ಸೇರಿ ಎಕ್ಸ್ ಕಿರಣಗಳಿಂದ ವಜ್ರದ ಒಳಕಟ್ಟನ್ನು ಬಿಡಿಸಿದರು. 1924ರಲ್ಲಿ ಬರ್ನಾಲ್ ಎಂಬ ವಿಜ್ಞಾನಿ ಗ್ರಾಫೈಟಿನ ಕಟ್ಟನ್ನು ಸ್ಪಷ್ಟಪಡಿಸಿದ.

ಗ್ರಾಫೈಟು ದಾರವಿಲ್ಲದ ತಾಳೆಗರಿಯ ಕಟ್ಟಿನಂತೆ. ಮೂಡುಬಿದಿರೆಯಲ್ಲಿ ಧವಳಾದಿ ಸಿದ್ಧಾಂತ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಉಳಿದುಬಂದುದನ್ನು ತಾವು ಬಲ್ಲಿರಿ. ಒಂದೊಂದು ಗರಿಯೂ ಗಟ್ಟಿ. ಆದರೆ ದಾರ ಕಳಚಿದರೆ ಗರಿಯ ಮೇಲಿನ ಗರಿ ಸರಿದುಹೋಗುತ್ತದೆ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಆರಾರು ಮೂಲೆಗಳ ಜೇನುಹಟ್ಟಿಯಂತೆ ಹೆಣೆದುಕೊಂಡು ಹಾಳೆಗಳಾಗಿವೆ. ಒಂದೊಂದು ಪರಮಾಣು ತನ್ನ ಹಾಳೆಯಲ್ಲಿ ಮೂವರು ನೆರೆಯವರ ಕೈಯನ್ನು ಬಿಗಿಯಾಗಿ ಹಿಡಿದಿದೆ. ಹಾಳೆ ಹಾಳೆಗಳ ನಡುವೆ ಮಾತ್ರ ಹಿಡಿತ ಬಲು ಸಡಿಲ. ನೀವು ಪೆನ್ಸಿಲಿನಿಂದ ಬರೆಯುವಾಗ ಕಾಗದದ ಮೇಲೆ ಉಳಿಯುವುದು ಹೀಗೆ ಜಾರಿದ ಹಾಳೆಗಳು. ವಜ್ರದಲ್ಲಿ ಹಾಳೆಗಳೇ ಇಲ್ಲ. ಪ್ರತಿಯೊಂದು ಪರಮಾಣುವೂ ಎಲ್ಲ ದಿಕ್ಕುಗಳಿಗೂ ಚಾಚಿದ ನಾಲ್ಕು ಕೈಗಳಿಂದ ನಾಲ್ವರನ್ನು ಹಿಡಿದಿದೆ, ಸರಿಯಲು ಎಡೆಯಿಲ್ಲ.

ಜೈನಶಾಸ್ತ್ರದಲ್ಲಿ ದೇಹದ ಮೂಳೆಗಳ ಕೀಲುಕಟ್ಟಿಗೆ ಸಂಹನನ ಎಂದು ಹೆಸರು. ಎಲ್ಲಕ್ಕೂ ಉತ್ತಮವಾದುದು ವಜ್ರವೃಷಭನಾರಾಚ ಸಂಹನನ. ಅಲ್ಲಿಯೂ ಬಲ ಇರುವುದು ಮೂಳೆಯ ರಾಶಿಯಲ್ಲಲ್ಲ, ಕೂಡುವ ಬಗೆಯಲ್ಲಿ. ದ್ರವ್ಯ ಒಂದೇ, ಪರ್ಯಾಯ ಬೇರೆ ಎಂಬುದಕ್ಕೆ ನಮ್ಮ ಗುರುಗಳು ಚಿನ್ನದ ಕಲಶವನ್ನು ಮುರಿದು ಕಿರೀಟ ಮಾಡಿದ ದೃಷ್ಟಾಂತವನ್ನು ಹೇಳುತ್ತಿದ್ದರು. ಇನ್ನು ಮೇಲೆ ನಾನು ತರಗತಿಯಲ್ಲಿ ಸೀಸದಕಡ್ಡಿಯನ್ನೂ ವಜ್ರವನ್ನೂ ಹೇಳುವೆನು. ಹಳಬರು ಇದನ್ನೆಲ್ಲ ಆಗಲೇ ಬಲ್ಲವರಾಗಿದ್ದರು ಎಂದು ನನ್ನ ಅಭಿಪ್ರಾಯವಲ್ಲ. ಅವರ ಮಾತು ನಮಗೆ ತಿಳಿವಳಿಕೆಯ ಹಿಡಿಕೆಯಾಗುತ್ತದೆ, ಅಷ್ಟೆ.

ವಸ್ತು ಒಂದೇ ಎಂದು ತಿಳಿದ ಮೇಲೆ, ಒಂದನ್ನು ಇನ್ನೊಂದಾಗಿ ಮಾಡಬಹುದಲ್ಲ ಎಂಬ ಆಸೆ ಹುಟ್ಟುವುದು ಸಹಜ. ಇಲ್ಲಿ ಒಂದು ಸೋಜಿಗ ಉಂಟು. ನಾವು ಬದುಕಿರುವ ಭೂಮಿಯ ಮೇಲ್ಮೈಯಲ್ಲಿ ಇಂಗಾಲಕ್ಕೆ ಹಿತವಾದ ರೂಪ ಗ್ರಾಫೈಟೇ ಹೊರತು ವಜ್ರವಲ್ಲ. ಗಾಳಿಯಿಲ್ಲದೆಡೆ ವಜ್ರವನ್ನು 1500 ಡಿಗ್ರಿಗೂ ಮೀರಿ ಕಾಯಿಸುತ್ತ ಹೋದರೆ ಅದು ಕ್ರಮೇಣ ಗ್ರಾಫೈಟಾಗಿ ಕಪ್ಪಾಗುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಈ ಬದಲಾವಣೆಗೆ ಯುಗಗಳೂ ಸಾಲವು; ಆದುದರಿಂದ ಅಜ್ಜಿಯ ಬೆಂಡೋಲೆ ಮೊಮ್ಮಗಳ ಕಿವಿಯಲ್ಲೂ ಹೊಳೆಯುತ್ತದೆ. ವಜ್ರಕ್ಕೆ ಹಿತವಾದ ಜಾಗ ಭೂಗರ್ಭ. ಸುಮಾರು 150 ಕಿಲೋಮೀಟರಿಗೂ ಹೆಚ್ಚು ಆಳ. ಮೇಲಿನ ಬಂಡೆಗಳ ಭಾರದಿಂದ ಹುಟ್ಟುವ ಒತ್ತಡ ಅಲ್ಲಿ ಅಪಾರ. ಅಲ್ಲಿ ಹುಟ್ಟಿದ ವಜ್ರಗಳು ಪ್ರಾಚೀನ ಜ್ವಾಲಾಮುಖಿಗಳ ಶಿಲಾಪಾಕದೊಡನೆ ಬೇಗಬೇಗನೆ ಮೇಲೇರಿ, ಕಪ್ಪಾಗಲು ಹೊತ್ತಿಲ್ಲದೆ, ಇಲ್ಲಿ ಸಿಕ್ಕಿಬಿದ್ದಿವೆ.

ಒತ್ತಡ ಏಕೆ ಬೇಕು? ಒಂದು ಘನ ಸೆಂಟಿಮೀಟರ್ ಗ್ರಾಫೈಟಿನ ತೂಕ ಸುಮಾರು 2.2 ಗ್ರಾಂ, ವಜ್ರದ್ದು 3.5 ಗ್ರಾಂ. ಎಂದರೆ ಮೂರು ಪಾಲು ಎಡೆಯಲ್ಲಿ ಕೈಕಾಲು ಚಾಚಿ ಕುಳಿತವರನ್ನು ಎರಡು ಪಾಲು ಎಡೆಗೆ ಒತ್ತಬೇಕು. ಶಾಖ ಏಕೆ ಬೇಕು? ಹಿಡಿದ ಹಳೆಯ ಕೈಗಳನ್ನು ಬಿಡಿಸದೆ ಹೊಸ ಹಿಡಿತ ಬರುವುದಿಲ್ಲ. ಎರಡೂ ಒಟ್ಟಿಗೆ, ಒಂದೇ ಕಡೆ, ಸಾಕಷ್ಟು ಹೊತ್ತು ಬೇಕು. ಹೇಳಲು ಇಷ್ಟೇ, ಮಾಡಲು ಹೋದವರು ಎಷ್ಟು ಮಂದಿ ಸೋತರೆಂದು ಕೇಳಿ.

1880ರಲ್ಲಿ ಸ್ಕಾಟ್ಲೆಂಡಿನ ಹ್ಯಾನೆ ಎಂಬಾತ ಕಬ್ಬಿಣದ ದಪ್ಪ ಕೊಳವೆಗಳಲ್ಲಿ ಮೂಳೆಯಿಂದ ಬಟ್ಟಿಯಿಳಿಸಿದ ಎಣ್ಣೆ, ಪ್ಯಾರಾಫಿನ್, ಲಿಥಿಯಂ ಲೋಹಗಳನ್ನು ತುಂಬಿ, ಬಾಯಿ ಬೆಸೆದು, ಕುಲುಮೆಯಲ್ಲಿ ಕಾಯಿಸಿದ. ದಧೀಚಿಯ ಮೂಳೆಯಿಂದ ಇಂದ್ರನ ವಜ್ರಾಯುಧವಾದ ಕಥೆ ನನಗೆ ನೆನಪಾಯಿತು. ಆ ಹೋಲಿಕೆ ಬರಿಯ ಕಾಕತಾಳೀಯ. ಹ್ಯಾನೆಯ ಕೊಳವೆಗಳು ಹೆಚ್ಚಿನವು ಸಿಡಿದುಹೋದವು. 80 ಪ್ರಯತ್ನಗಳಲ್ಲಿ ಮೂರರಲ್ಲಿ ವಜ್ರ ದೊರೆಯಿತೆಂದು ಅವನು ಸಾರಿದ. 1893ರಲ್ಲಿ ಫ್ರಾನ್ಸಿನ ಮ್ವಾಸಾನ್, ವಿದ್ಯುತ್ ಕುಲುಮೆಯಲ್ಲಿ ಕರಗಿದ ಕಬ್ಬಿಣದಲ್ಲಿ ಇಂಗಾಲವನ್ನು ಕೂಡಿಸಿ, ಅದನ್ನು ಥಟ್ಟನೆ ತಣಿಸಿ, ಒಳಗೆ ವಜ್ರದ ಕಣಗಳನ್ನು ಕಂಡೆನೆಂದ. ಹಬೆಯ ಟರ್ಬೈನನ್ನು ನಿರ್ಮಿಸಿ ಹೆಸರಾದ ಚಾರ್ಲ್ಸ್ ಪಾರ್ಸನ್ಸ್ ವರ್ಷಗಟ್ಟಲೆ ಶ್ರಮಿಸಿದ. ತಾನೂ ಮಾಡಿದೆನೆಂದು ಮೊದಲು ನಂಬಿದ. ಕೊನೆಗೆ, ಇದುವರೆಗೆ ಯಾರೂ ವಜ್ರವನ್ನು ಮಾಡಿಲ್ಲ, ನಾನೂ ಮಾಡಿಲ್ಲ ಎಂಬ ನಿರ್ಣಯಕ್ಕೆ ಬಂದ. ಈ ಕೊನೆಯ ಮಾತು ನನ್ನ ಮನಸ್ಸನ್ನು ಹಿಡಿಯಿತು. ಗೆದ್ದೆನೆಂದು ಹೇಳಿದ ಬಾಯಲ್ಲೇ ಗೆದ್ದಿರಲಿಲ್ಲವೆಂದು ಹೇಳುವುದಕ್ಕೆ ಎಂಥ ಎದೆ ಬೇಕು!

ಹ್ಯಾನೆಯ ಕಲ್ಲುಗಳು ಲಂಡನಿನ ವಸ್ತುಸಂಗ್ರಹಾಲಯದಲ್ಲಿದ್ದವು. 1943ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ವಿದುಷಿ, ಬ್ಯಾನಿಸ್ಟರ್ ಅವರೊಡನೆ ಎಕ್ಸ್ ಕಿರಣಗಳಿಂದ ಅವನ್ನು ಪರೀಕ್ಷಿಸಿದರು. ಹನ್ನೆರಡರಲ್ಲಿ ಹನ್ನೊಂದು ವಜ್ರಗಳೇ! ಆದರೆ 1970ರ ದಶಕದ ಪರೀಕ್ಷೆಗಳಿಂದ ಅವು ಭೂಗರ್ಭದ ಸಹಜ ವಜ್ರಗಳೆಂದು ತಿಳಿಯಿತು. ಕೊಳವೆಯ ಸಾಮಗ್ರಿಯಲ್ಲಿ ಅವು ಹೇಗೆ ಸೇರಿದವು ಎಂಬುದು ಬಗೆಹರಿಯದ ಒಗಟಾಗಿಯೇ ಉಳಿದಿದೆ.

ಕೊನೆಗೆ ಗೆಲುವು ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. 1953ರ ಫೆಬ್ರವರಿ 16ರಂದು ಸ್ವೀಡನ್ನಿನ ಆಸಿಯಾ ಎಂಬ ವಿದ್ಯುತ್ ಕಂಪೆನಿಯವರು ವಜ್ರದ ಸಣ್ಣ ಹರಳುಗಳನ್ನು ಮಾಡಿದರು, ಆದರೆ ಗುಟ್ಟಾಗಿಟ್ಟರು. ಲೋಕಕ್ಕೆ ಮೊದಲು ತಿಳಿದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಪ್ರಯೋಗ. ಅಲ್ಲಿ ಟ್ರೇಸಿ ಹಾಲ್ ಎಂಬ ರಸಾಯನಜ್ಞ ತಾನೇ ಕಲ್ಪಿಸಿದ, ಒಡ್ಯಾಣದಂತೆ ಸುತ್ತ ಬಿಗಿಯುವ ಉಕ್ಕಿನ ಬಳೆಯ ಉಪಕರಣವನ್ನು ಒಂದು ಹಳೆಯ ಒತ್ತುಯಂತ್ರದಲ್ಲಿಟ್ಟು, 1954ರ ಡಿಸೆಂಬರ್ 16ರಂದು ವಜ್ರವನ್ನು ಪಡೆದ. ಆತ ಅಷ್ಟಕ್ಕೆ ತೃಪ್ತನಾಗಲಿಲ್ಲ. ಪುನಃಪುನಃ ಮಾಡಿ ನೋಡಿದ. ಆ ಮೇಲೆ ವುಡ್‌ಬರಿ ಎಂಬ ಸಹೋದ್ಯೋಗಿ ಅದೇ ಕ್ರಮವನ್ನು ಸ್ವತಂತ್ರವಾಗಿ ಅನುಸರಿಸಿ, ಡಿಸೆಂಬರ್ 31ರಂದು ವಜ್ರವನ್ನು ಪಡೆದ. ಒಬ್ಬನ ಕೈಯಲ್ಲಿ ಆದದ್ದು ಇನ್ನೊಬ್ಬನ ಕೈಯಲ್ಲೂ ಆಗಬೇಕು. ಆಗಲೇ ಅದು ವಿದ್ಯೆ, ಇಲ್ಲದಿದ್ದರೆ ಕೈಚಳಕ. 1955ರ ಫೆಬ್ರವರಿ 15ರಂದು ಕಂಪೆನಿ ಈ ಸುದ್ದಿಯನ್ನು ಲೋಕಕ್ಕೆ ಸಾರಿತು. ತನಗೆ ದೊರೆತ ಬಹುಮಾನ ಹತ್ತು ಡಾಲರಿನ ಉಳಿತಾಯ ಪತ್ರವೆಂದು ಹಾಲ್ ಮುಂದೆ ಹೇಳಿಕೊಂಡನು.

ಇಂದು ಈ ಕೆಲಸವನ್ನು ಮಾಡುವ ಕ್ರಮ ಸ್ಥೂಲವಾಗಿ ಹೀಗೆ. ಗ್ರಾಫೈಟನ್ನು ಕಬ್ಬಿಣ, ನಿಕ್ಕೆಲ್, ಕೋಬಾಲ್ಟುಗಳಂಥ ಲೋಹದೊಡನೆ ಸಣ್ಣ ಕೋಶದಲ್ಲಿಟ್ಟು, ವಾಯುಮಂಡಲದ ಒತ್ತಡದ 50ರಿಂದ 60 ಸಾವಿರ ಪಟ್ಟು ಒತ್ತಡವನ್ನೂ 1400–1500 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನೂ ಕೊಡುತ್ತಾರೆ. 50 ಸಾವಿರ ಪಟ್ಟು ಎಂದರೆ, ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಹತ್ತು ಹನ್ನೆರಡು ಆನೆಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಭಾರ. ಲೋಹ ಕರಗಿ ಪಾಕವಾಗುತ್ತದೆ. ಗ್ರಾಫೈಟು ಆ ಪಾಕದಲ್ಲಿ ಕರಗಿ, ಆ ಒತ್ತಡದಲ್ಲಿ ತನಗೆ ಹಿತವಾದ ರೂಪದಲ್ಲಿ, ಅಂದರೆ ವಜ್ರವಾಗಿ, ಹರಳುಗಟ್ಟುತ್ತದೆ. ಸಕ್ಕರೆಯ ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಕಟ್ಟುವುದಿಲ್ಲವೆ, ಹಾಗೆಯೇ. ಲೋಹದ ನೆರವಿಲ್ಲದೆ ಗ್ರಾಫೈಟನ್ನು ನೇರವಾಗಿ ವಜ್ರವಾಗಿಸಲು ಇದರ ಎರಡು ಪಟ್ಟಿಗಿಂತಲೂ ಹೆಚ್ಚು ಒತ್ತಡ ಬೇಕು. ಅದನ್ನು ಬಂಡಿ ಎಂಬ ವಿಜ್ಞಾನಿ 1963ರಲ್ಲಿ ತೋರಿಸಿದ. ಮೊದಲು ಬಂದ ಹರಳುಗಳು ಮರಳಿನ ಕಣದಷ್ಟೇ ಸಣ್ಣವು. ಅವು ಒಡವೆಗಲ್ಲ, ದುಡಿಮೆಗೆ. ಇಂದು ನಮ್ಮ ಪೇಟೆಯಲ್ಲಿ ಹೊಸ ಮನೆ ಎದ್ದರೆ ಕರ್ಕಶವಾಗಿ ಕೂಗುತ್ತ ಗ್ರಾನೈಟನ್ನೂ ಟೈಲ್ಸನ್ನೂ ಕೊಯ್ಯುವ ಚಕ್ರದ ಅಂಚಿನಲ್ಲಿ ಇರುವುದು ಹೀಗೆ ಮಾಡಿದ ವಜ್ರದ ಪುಡಿ. ಒಡವೆಗೆ ತಕ್ಕ ದೊಡ್ಡ ಹರಳನ್ನು ಅದೇ ಕಂಪೆನಿಯವರು 1970ರಲ್ಲಿ ಮಾಡಿ ತೋರಿಸಿದರು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಕೈಯಲ್ಲಿರುವ ಕಣ ಗ್ರಾಫೈಟೋ ವಜ್ರವೋ ಎಂದು ಕೆಡಿಸದೆ ತಿಳಿಯುವುದು ಹೇಗೆ? ಅದಕ್ಕೆ ಇಂದು ಲೋಕವೆಲ್ಲ ಬಳಸುವ ಕ್ರಮಗಳಲ್ಲಿ ಒಂದು, ಬೆಂಗಳೂರಿನಲ್ಲಿ ಬಾಳಿ ಬೆಳಗಿದ ಸರ್ ಸಿ. ವಿ. ರಾಮನ್ ಅವರ ಹೆಸರಿನದು. 1928ರಲ್ಲಿ ಅವರು ಕಂಡ ರಾಮನ್ ಪರಿಣಾಮದ ತಿರುಳು ಇದು: ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನ ಒಂದಂಶ, ಆ ವಸ್ತುವಿನ ಪರಮಾಣುಗಳ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸಿಕೊಂಡು ಬರುತ್ತದೆ. ವಜ್ರದಿಂದ ಚದರಿದ ಬೆಳಕಿನಲ್ಲಿ 1332 ಎಂಬ ಸಂಖ್ಯೆಯ ಬಳಿ ಒಂದೇ ಒಂದು ಚೂಪಾದ ಗೆರೆ ಕಾಣುತ್ತದೆ. ಅದನ್ನು 1930ರಲ್ಲಿ ಗುರುತಿಸಿದವರಲ್ಲಿ ರಾಮಸ್ವಾಮಿ ಎಂಬ ನಮ್ಮ ದೇಶದ ಸಂಶೋಧಕರೂ ಒಬ್ಬರು. ಗ್ರಾಫೈಟಿನ ಗೆರೆ ಬೇರೆ, 1580ರ ಬಳಿ. ಹೀಗೆ ದ್ರವ್ಯ ಒಂದೇ ಆದರೂ ಪರ್ಯಾಯಕ್ಕೊಂದು ಮುದ್ರೆ ಇದೆ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದ ರಾಮನ್ನರು ವಜ್ರಕ್ಕೆ ಮನಸೋತವರು. ನೂರಾರು ವಜ್ರಗಳನ್ನು ಕೂಡಿಹಾಕಿದರು, ಹಣಕ್ಕಲ್ಲ, ಬೆಳಕಿಗಾಗಿ. 1944ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಜ್ರದ ರಚನೆ, ಗುಣಗಳನ್ನು ಕುರಿತು ಅವರೂ ಅವರ ಶಿಷ್ಯರೂ ಬರೆದ ಪ್ರಬಂಧಗಳ ಗುಚ್ಛವೇ ಹೊರಬಂದಿತು. ವಜ್ರದ ರಚನೆಯ ಬಗೆಗೆ ಅವರು ಮಂಡಿಸಿದ ಕೆಲವು ಸಿದ್ಧಾಂತಗಳನ್ನು ಲಾನ್ಸ್‌ಡೇಲ್ ಮೊದಲಾದವರು ಒಪ್ಪಲಿಲ್ಲ. ಕಾಲವೂ ಅವುಗಳ ಪರವಾಗಿ ನಿಲ್ಲಲಿಲ್ಲ. ಆದರೆ ಅವರು ಕಂಡ ಬೆಳಕಿನ ಸಾಕ್ಷ್ಯ ನಿಂತಿದೆ. ಗುರುವಿನ ಮಾತು ತಪ್ಪಿದರೂ ಗುರು ಕೊಟ್ಟ ಒರೆಗಲ್ಲು ತಪ್ಪದು.

ಇನ್ನು, ಈ ಚರಿತ್ರೆಯಲ್ಲೇ ನನಗೆ ಅತ್ಯಂತ ಮೆಚ್ಚಿಗೆಯಾದ ಸಂಗತಿ. ಹಾಲ್ ಗೆಲ್ಲುವುದಕ್ಕೆ ಎಂಟು ದಿನ ಮೊದಲು, 1954ರ ಡಿಸೆಂಬರ್ 8ರಂದು, ಅದೇ ತಂಡದ ಹರ್ಬರ್ಟ್ ಸ್ಟ್ರಾಂಗ್ ಹೂಡಿದ ಪ್ರಯೋಗದಲ್ಲಿ ವಜ್ರದ ಕಣ ಸಿಕ್ಕಿತ್ತು. ಆದರೆ ಅದನ್ನು ಅದೇ ಬಗೆಯಲ್ಲಿ ಮರಳಿ ಮಾಡಲಾಗಲಿಲ್ಲ. ಸುಮಾರು ನಲವತ್ತು ವರ್ಷಗಳ ಬಳಿಕ, ಆ ಕಣವನ್ನು ಹೊಸ ಉಪಕರಣಗಳಿಂದ ಪರೀಕ್ಷಿಸಿದಾಗ, ಅದರೊಳಗಿನ ಸಾರಜನಕದ ಪರಮಾಣುಗಳು ಗುಂಪುಗುಂಪಾಗಿ ಕೂಡಿಕೊಂಡಿದ್ದುದು ಕಂಡಿತು. ಹಾಗೆ ಕೂಡಲು ಭೂಗರ್ಭದಲ್ಲಿ ಯುಗಗಳೇ ಕಳೆಯಬೇಕು. ಎಂದರೆ ಅದು ಸಹಜ ವಜ್ರ. ಬೀಜವಾಗಿ ಬಳಸಲು ತಂದ ಕಣ ಹೇಗೋ ಬೆರೆತುಹೋಗಿತ್ತು. ಇದನ್ನು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದವರು ಯಾರು ಬಲ್ಲಿರಾ? ಎದುರಾಳಿಗಳಲ್ಲ, ಅದೇ ತಂಡದ ಹಿರಿಯರು. ಸ್ಟ್ರಾಂಗ್ ಕೂಡ ಅದಕ್ಕೆ ತನ್ನ ಹೆಸರು ಹಾಕಿದ. ಮರಳಿ ಮಾಡಿ ನೋಡಿದ ಇತರ ಪ್ರಯೋಗಗಳು ಗಟ್ಟಿಯಾಗಿದ್ದುದರಿಂದ ಮೂಲ ಸಾಧನೆಗೆ ಕುಂದು ಬರಲಿಲ್ಲ.

ಇದರಿಂದ ತಮಗೂ ನನಗೂ ತಿಳಿಯಬೇಕಾದ ವಿಷಯ ಒಂದುಂಟು. ಯಂತ್ರದಲ್ಲಿ ಮಾಡಿದ ವಜ್ರವೂ ಭೂಮಿಯಲ್ಲಿ ಸಿಕ್ಕಿದ ವಜ್ರವೂ ಒಂದೇ ದ್ರವ್ಯ, ಒಂದೇ ಕಟ್ಟು, ಒಂದೇ ಗಡಸು. 1332ರ ಗೆರೆ ಎರಡರಲ್ಲಿಯೂ ಉಂಟು. ಬೇರೆಯಾದುದು ಹುಟ್ಟಿದ ಊರು ಮಾತ್ರ. ಆ ಊರನ್ನು ತಿಳಿಯಲು ಸಾರಜನಕದ ಕೂಟ, ಹರಳು ಬೆಳೆದ ಜಾಡು ಮೊದಲಾದುವನ್ನು ನೋಡುವ ಪ್ರಯೋಗಶಾಲೆ ಬೇಕು. ಬರಿಗಣ್ಣಿಗೆ ಅದು ಸಾಧ್ಯವಲ್ಲ. ಈಚೆಗೆ ಒತ್ತಡದ ಯಂತ್ರವಿಲ್ಲದೆ, ಇಂಗಾಲವುಳ್ಳ ಅನಿಲದಿಂದ ತೆಳುವಾದ ವಜ್ರದ ಬೀಜದ ಮೇಲೆ ಪದರಪದರವಾಗಿ ಬೆಳೆಸುವ ಕ್ರಮವೂ ಬಂದಿದೆ, ಅದೂ ವಜ್ರವೇ. ಆದರೆ ಅಂಗಡಿಗಳಲ್ಲಿ 'ಅಮೆರಿಕನ್ ಡೈಮಂಡ್' ಎಂದು ಮಾರುವ ಹೊಳೆಯುವ ಕಲ್ಲು ಜಿರ್ಕೋನಿಯಂ ಎಂಬ ಲೋಹದ ಆಕ್ಸೈಡು. ಅದರಲ್ಲಿ ಇಂಗಾಲವೇ ಇಲ್ಲ. "ವಜ್ರದ ಹಾಗೆ ಕಾಣುವ ಕಲ್ಲು" ಎಂಬ ನನ್ನ ಮಾತು ಅದಕ್ಕೆ ಸಲ್ಲುತ್ತಿತ್ತು. ಬೀಗರ ಉಂಗುರಕ್ಕೆ ಸಲ್ಲಲಿಲ್ಲ.

ಬೆಲೆಯ ಮಾತು ಬೇರೆ. ಬೆಳೆಸಿದ ವಜ್ರ ಗಣಿಯ ವಜ್ರಕ್ಕಿಂತ ಬಹಳ ಅಗ್ಗ. ಮರಳಿ ಮಾರಹೋದರೆ ಕೈಗೆ ಬರುವುದು ಇನ್ನೂ ಕಡಿಮೆ. ಕಷ್ಟಕಾಲಕ್ಕೆ ಆಪದ್ಧನವೆಂದು ಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಬೇಕು. ಯಾವುದನ್ನು ಕೊಂಡರೂ, ಬೆಳೆಸಿದ್ದೋ ಗಣಿಯದೋ ಎಂಬುದನ್ನು ರಶೀದಿಯಲ್ಲಿ ಬರೆಸಿಕೊಳ್ಳಿ. ಬೆಳೆಸಿದ್ದನ್ನು ಬೆಳೆಸಿದ್ದೆಂದು ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಗಣಿಯದೆಂದು ಹೇಳಿ ಮಾರಿದರೆ, ಆಗಲೂ ಕಲ್ಲು ಅಸಲೇ, ನಕಲಿಯಾದದ್ದು ಮಾತು.

ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಲು ಒಂದು ನಾಳೆಯಲ್ಲ, ಹತ್ತು ನಾಳೆಗಳೇ ಬೇಕಾದವು. ಅವನಿಗೆ ಹೇಳಿ ಮುಗಿಸಿದ ಆದಿತ್ಯವಾರ ಬಸ್ಸು ಹತ್ತಿ ಬೆಳ್ತಂಗಡಿಯ ಕಡೆಗೆ ಹೋದೆ. ಬೀಗರು ಅಂಗಳದಲ್ಲಿ ಅಡಕೆ ಹರಡುತ್ತಿದ್ದರು. "ಆ ದಿನ ನಾನು ಹೇಳಿದ್ದು ತಪ್ಪು. ನೀವು ತಂದದ್ದು ವಜ್ರವೇ. ಅದಕ್ಕಿಂತ ಹೆಚ್ಚಾಗಿ, ಕೇಳುವ ಮೊದಲೇ ನಿಜ ಹೇಳಿದಿರಿ" ಎಂದೆ. ಅವರು ಕೈಯ ಧೂಳನ್ನು ಪಂಚೆಗೆ ಒರೆಸಿಕೊಂಡು, "ಅದನ್ನು ಹೇಳಲು ಇಷ್ಟು ದೂರ ಬಂದಿರಾ ಮಾಸ್ಟ್ರೇ? ಒಳಗೆ ಬನ್ನಿ, ಬೆಲ್ಲ ನೀರು ಕುಡಿಯುವ" ಎಂದರು.

ಮದುವೆ ಬರುವ ವೈಶಾಖದಲ್ಲಿ. ಉಂಗುರ ಹುಡುಗಿಯ ಬೆರಳಲ್ಲಿದೆ.